ದುರ್ವಾಸನೆ ಮರದೊಳಗಿನ ಶಿಲೀಂಧ್ರ

ಮಳೆಗಾಲದಲ್ಲಿ ಕಾಫಿಗೆ ಕೊಳೆರೋಗ ತಗುಲಿದರೆ ನಮ್ಮ ಬಣಕಲ್ ಸುತ್ತಿನ ಬೆಳೆಗಾರರು ಶಿಲೀಂಧ್ರವನ್ನು ಶಪಿಸುತ್ತಾರೆ. ಆದರೆ ಎಲ್ಲ ಶಿಲೀಂಧ್ರಗಳೂ ಶತ್ರುಗಳಲ್ಲ. ಗಿಡಮರಗಳ ಎಲೆ, ತೊಗಟೆ, ಬೇರುಗಳ ಒಳಗೇ ವಾಸಿಸಿ ಯಾವ ರೋಗವನ್ನೂ ತೋರಗೊಡದ ಶಿಲೀಂಧ್ರಗಳಿವೆ. ಅವುಗಳಿಗೆ ಎಂಡೋಫೈಟ್ ಎಂದು ಹೆಸರು. ಅವುಗಳಲ್ಲಿ ಔಷಧ ಹುಡುಕಿದ ಚರಿತ್ರೆಯಲ್ಲಿ ನಮ್ಮ ಪಶ್ಚಿಮ ಘಟ್ಟದ ಮರವೊಂದಕ್ಕೂ ಸ್ಥಾನವಿದೆ ಎಂಬುದು ನಿಮಗೆ ಗೊತ್ತೇ?

1966ರಲ್ಲಿ ಅಮೆರಿಕದ ಮನ್ರೋ ವಾಲ್ ಮತ್ತು ಮಹಾರಾಷ್ಟ್ರ ಮೂಲದ ಮನ್ಸುಖ್ ವಾಣಿ ಅವರು ಚೀನಾದ ಮರವೊಂದರಿಂದ ಕ್ಯಾಂಪ್ಟೋಥೆಸಿನ್ ಎಂಬ ವಸ್ತುವನ್ನು ಬೇರ್ಪಡಿಸಿದರು. ಕ್ಯಾನ್ಸರ್ ಜೀವಕೋಶಗಳು ವಿಭಜನೆಯಾಗುವಾಗ ಡಿಎನ್ಎಯ ಸಿಕ್ಕು ಬಿಡಿಸುವ ಕಿಣ್ವವನ್ನು ಇದು ತಡೆಯುತ್ತದೆ. ಇದರಿಂದ ರೂಪಿಸಿದ ಟೋಪೋಟೆಕಾನ್, ಇರಿನೋಟೆಕಾನ್ ಎಂಬ ಔಷಧಗಳಿಗೆ 1996ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು.

ಇದೇ ವಸ್ತು ನಮ್ಮ ಘಟ್ಟದ 'ದುರ್ವಾಸನೆ ಮರ'ದಲ್ಲೂ ಇದೆ ಎಂದು 1972ರಲ್ಲಿ ಟಿ.ಆರ್. ಗೋವಿಂದಾಚಾರಿ ಮತ್ತು ಎನ್. ವಿಶ್ವನಾಥನ್ ತಿಳಿಸಿದರು. ಮದ್ದಿನ ಬೇಡಿಕೆ ಹೆಚ್ಚಿದಂತೆ ಮರಕ್ಕೆ ಕೊಡಲಿ ಬಿತ್ತು. ರೋಗಿಯನ್ನು ಉಳಿಸುವ ಗುಣವೇ ಮರದ ಪಾಲಿಗೆ ಶಾಪವಾಯಿತು.

ಹಾಗಾದರೆ ಪರಿಹಾರವೇನು? 1993ರಲ್ಲಿ ಅಮೆರಿಕದ ಸ್ಟೀರ್ಲ್ ದಂಪತಿ ಮತ್ತು ಗ್ಯಾರಿ ಸ್ಟ್ರೋಬೆಲ್, ಯೂ ಮರದೊಳಗಿನ ಶಿಲೀಂಧ್ರವೂ ಆ ಮರದ ಔಷಧವಾದ ಟ್ಯಾಕ್ಸಾಲನ್ನು ಉತ್ಪಾದಿಸುತ್ತದೆ ಎಂದು ವರದಿ ಮಾಡಿದ್ದರು. 2005ರಲ್ಲಿ ಜಮ್ಮುವಿನ ವಿಜ್ಞಾನಿಗಳು ದುರ್ವಾಸನೆ ಮರದ ಶಿಲೀಂಧ್ರದಲ್ಲಿ ಕ್ಯಾಂಪ್ಟೋಥೆಸಿನ್ ಕಂಡರು. ಸಸ್ಯದ ತುಂಡಿನ ಹೊರಮೈಯನ್ನು ರಾಸಾಯನಿಕದಿಂದ ಶುದ್ಧಗೊಳಿಸಿ ಪೋಷಕ ಮಾಧ್ಯಮದ ಮೇಲಿಟ್ಟರೆ ಒಳಗಿನ ಶಿಲೀಂಧ್ರ ಹೊರಗೆ ಬೆಳೆಯುತ್ತದೆ. ಇನ್ನು ಮರ ಕಡಿಯಬೇಕಿಲ್ಲ, ತೊಟ್ಟಿಯಲ್ಲಿ ಶಿಲೀಂಧ್ರ ಬೆಳೆಸಿದರೆ ಸಾಕು ಎಂಬ ಆಸೆ ಚಿಗುರಿತು.

ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಆರ್. ಉಮಾ ಶಂಕರ್ ಮತ್ತು ಸಂಗಡಿಗರು ಈ ಆಸೆಯನ್ನು ಪರೀಕ್ಷೆಗೆ ಒಡ್ಡಿದರು. ಘಟ್ಟದ ಇನ್ನೊಂದು ಮರದ ಶಿಲೀಂಧ್ರದಲ್ಲೂ ಅವರಿಗೆ ಕ್ಯಾಂಪ್ಟೋಥೆಸಿನ್ ದೊರೆಯಿತು. ಆದರೆ ಮರದಿಂದ ಬೇರೆಯಾದ ಶಿಲೀಂಧ್ರವನ್ನು ಪ್ರಯೋಗಾಲಯದಲ್ಲಿ ಮತ್ತೆ ಮತ್ತೆ ಬೆಳೆಸಿದಂತೆ ಮದ್ದಿನ ಪ್ರಮಾಣ ಕುಸಿಯುತ್ತದೆ ಎಂದು 2010ರಲ್ಲಿ ಅವರು ಪ್ರಕಟಿಸಿದರು.

ವಿದ್ಯಾರ್ಥಿಗಳೇ, ಇದನ್ನು ಸೋಲೆಂದು ತಿಳಿಯಬೇಡಿ. ಸಿಹಿ ಸುದ್ದಿಯನ್ನೂ ಪರೀಕ್ಷಿಸಿಯೇ ಒಪ್ಪುವುದು ವಿಜ್ಞಾನದ ಧರ್ಮ. ಶಿಲೀಂಧ್ರದ ಶಕ್ತಿ ಅದು ನೆಲೆಸಿದ ಮರದೊಂದಿಗೆ ಹೆಣೆದುಕೊಂಡಿದೆ. ಪ್ರಯೋಗಾಲಯವನ್ನು ನಂಬಿ ಕಾಡನ್ನು ಕಳೆದುಕೊಂಡರೆ, ಮರದೊಂದಿಗೆ ಅದರೊಳಗಿನ ಮದ್ದೂ ಹೋಗುತ್ತದೆ. ಚಾರ್ಮಾಡಿಯ ಕಾಡನ್ನು ಮುಂದೆ ನೋಡುವಾಗ ಇದು ನಿಮ್ಮ ನೆನಪಿನಲ್ಲಿರಲಿ.