ಪ್ರತಿನಿಧಿಯ ಮಾತು, ಮತದಾರನ ಲೆಕ್ಕ: ಪ್ರಜಾಪ್ರತಿನಿಧಿ ಸಭೆಯಿಂದ ಮಹದೇವಪುರದವರೆಗೆ

ಚುನಾವಣೆಗಳ ಚರಿತ್ರೆಯನ್ನು ಬರೆಯುವಾಗ ಮತದ ಹಕ್ಕು ಯಾರಿಗೆ, ಎಂದು ದೊರೆಯಿತೆಂಬುದನ್ನೇ ನಾವು ಹೆಚ್ಚಾಗಿ ವಿವರಿಸುತ್ತ ಬಂದಿದ್ದೇವೆ. ಆರಿಸಿ ಕಳುಹಿಸಿದವನನ್ನು ಮತದಾರನು ಲೆಕ್ಕ ಕೇಳುವುದು ಹೇಗೆ ಎಂಬ ಪ್ರಶ್ನೆ ಹಿಂದೆ ಉಳಿದಿದೆ. ಲೆಕ್ಕ ಕೇಳಬೇಕಾದರೆ, ಆತನು ಏನು ಹೇಳಿದ್ದನು, ಅದಕ್ಕೆ ದೊರೆತ ಉತ್ತರವೇನು ಎಂಬುದು ಎಲ್ಲಿಯಾದರೂ ಬರಹದಲ್ಲಿ ನಿಂತಿರಬೇಕು. ಈ ದೃಷ್ಟಿಯಿಂದ ಹಳೆಯ ಮೈಸೂರಿನ ಒಂದು ಸಂಸ್ಥೆಯನ್ನೂ ಬೆಂಗಳೂರಿನ ಪೂರ್ವದಂಚಿನ ಒಂದು ಕ್ಷೇತ್ರವನ್ನೂ ಇಲ್ಲಿ ಒಟ್ಟಿಗೆ ನೋಡಲಾಗಿದೆ.

ದಿವಾನ್ ಸಿ. ವಿ. ರಂಗಾಚಾರ್ಲು ಅವರ ಕಾಲದಲ್ಲಿ, 1881ನೆಯ ಇಸವಿಯ ಅಕ್ಟೋಬರ್ 7ರಂದು, ದಸರಾ ಸಮಯದಲ್ಲಿ ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಮೊದಲ ಬಾರಿಗೆ ಸೇರಿತು. ಸದಸ್ಯರು 144 ಮಂದಿ. ಪ್ರತಿ ತಾಲ್ಲೂಕಿನಿಂದ ಒಬ್ಬಿಬ್ಬರು ಭೂಹಿಡುವಳಿದಾರರೂ ಪ್ರತಿ ಜಿಲ್ಲೆಯಿಂದ ಮೂರು ನಾಲ್ಕು ಮಂದಿ ವರ್ತಕರೂ ಬಂದಿದ್ದರು. ಇವರನ್ನು ಯಾರೂ ಚುನಾಯಿಸಿರಲಿಲ್ಲ. ಚುನಾವಣೆಯ ಪದ್ಧತಿ ಬಂದುದು ಕೆ. ಶೇಷಾದ್ರಿ ಅಯ್ಯರ್ ಅವರ ದಿವಾನಗಿರಿಯಲ್ಲಿ, 1891ರ ಸುಮಾರಿಗೆ. ದಿವಾನರು ಹಿಂದಿನ ವರ್ಷದ ಆಡಳಿತದ ವರದಿಯನ್ನು ಸಭೆಯ ಮುಂದೆ ಓದುವರು; ಬಳಿಕ ಸದಸ್ಯರು ತಮ್ಮ ತಮ್ಮ ಪ್ರಾಂತದ ಅಹವಾಲುಗಳನ್ನು ಮಂಡಿಸುವರು. ಕೆರೆ, ರಸ್ತೆ, ಕಂದಾಯ, ಅರಣ್ಯದ ಕಟ್ಟಳೆ, ಪಾಠಶಾಲೆ ಇವೇ ಅಹವಾಲಿನ ವಿಷಯಗಳು. ಮತಕ್ಕೆ ಹಾಕಿ ನಿರ್ಣಯಿಸುವ ಅಧಿಕಾರವು ಆಗ ಸಭೆಗೆ ಇರಲಿಲ್ಲ.

ಇದನ್ನು ಕೇವಲ ದರ್ಬಾರಿನ ಅಲಂಕಾರವೆಂದು ತಳ್ಳಿಹಾಕುವವರುಂಟು. ಆ ಮಾತಿನಲ್ಲಿ ಸತ್ಯಾಂಶವಿದ್ದರೂ ಅದು ಒಂದು ಸಂಗತಿಯನ್ನು ಮರೆಯುತ್ತದೆ. ಸಭೆಯ ನಡವಳಿಗಳು ಅಚ್ಚಾಗುತ್ತಿದ್ದವು. ಇಂಥ ಸದಸ್ಯನು ಇಂಥ ಅಹವಾಲನ್ನು ತಂದನು, ಸರ್ಕಾರ ಹೀಗೆ ಉತ್ತರವಿತ್ತಿತು ಎಂಬುದು ಓದಬಲ್ಲವನಿಗೆ ಗೋಚರವಾಗುತ್ತಿತ್ತು. ತನ್ನೂರಿನ ಕೆರೆಯ ಮಾತು ಎತ್ತದೆ ಹಿಂತಿರುಗಿದ ಸದಸ್ಯನ ಮೌನವೂ ಅದರಲ್ಲಿ ದಾಖಲಾಗುತ್ತಿತ್ತು! ಮತದ ಹಕ್ಕು ಆಸ್ತಿಯುಳ್ಳ ಕೆಲವರಿಗೆ ಮೀಸಲಾಗಿದ್ದ ಆ ದಿನಗಳಲ್ಲಿ ಈ ಪುಟಗಳನ್ನು ತಿರುವಿದ ಮತದಾರರು ಬಹಳವಿರಲಾರರು. 1923ರ ಸುಧಾರಣೆಯಿಂದ ಸಭೆಗೆ ಶಾಸನದ ಆಧಾರ ದೊರೆಯಿತು. ಹೊಸ ತೆರಿಗೆಗಳ ಬಗೆಗೆ ಅದರ ಅಭಿಪ್ರಾಯ ಕೇಳುವುದು, ಆಯವ್ಯಯದ ಚರ್ಚೆ, ನಿರ್ಣಯಗಳ ಮಂಡನೆ ಇವು ಸೇರಿದವು. 1949ರಲ್ಲಿ ಸಭೆ ಕೊನೆಗೊಂಡಿತು.

ಮೈಸೂರಿನ ನ್ಯಾಯವಿಧಾಯಕ ಸಭೆಯಲ್ಲಿ ಸದಸ್ಯರಾಗಿದ್ದ ಡಿ. ವಿ. ಗುಂಡಪ್ಪನವರು 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದರು. ವಯಸ್ಕರೆಲ್ಲರ ಮತದಾನವು ಬರುವುದಕ್ಕೆ ಮುನ್ನವೇ ಪ್ರಜೆಗೆ ಸಾರ್ವಜನಿಕ ವಿಷಯಗಳ ತಿಳಿವಳಿಕೆ ಬರಬೇಕೆಂಬ ಯೋಚನೆ ಇಂಥ ಸಂಸ್ಥೆಗಳ ಹುಟ್ಟಿನಲ್ಲಿದೆ. ಮತ ಬಂತು; ತಿಳಿವಳಿಕೆಯ ಏರ್ಪಾಡು ಅದೇ ವೇಗದಲ್ಲಿ ಬರಲಿಲ್ಲ.

ಮುಂದಿನ ದೊಡ್ಡ ಹೆಜ್ಜೆಯನ್ನಿಟ್ಟದ್ದು ಸುಪ್ರೀಂ ಕೋರ್ಟು. 2002 ಮತ್ತು 2003ರ ತೀರ್ಪುಗಳಿಂದ ಅಭ್ಯರ್ಥಿಯು ತನ್ನ ಆಸ್ತಿ, ಸಾಲ, ವಿದ್ಯಾರ್ಹತೆ, ತನ್ನ ಮೇಲಿರುವ ಅಪರಾಧ ಪ್ರಕರಣಗಳು ಇವನ್ನು ಪ್ರಮಾಣಪತ್ರದಲ್ಲಿ ತಿಳಿಸುವುದು ಕಡ್ಡಾಯವಾಯಿತು. ಇದು ಅಮೂಲ್ಯವಾದ ಲಾಭವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಈ ಪತ್ರವು ಹೇಳುವುದು ಅಭ್ಯರ್ಥಿಯ ಸ್ಥಿತಿಗತಿಯನ್ನು. ಕೆರೆ, ಕಾಲುವೆ, ಭೂಬಳಕೆ ಇವುಗಳ ಬಗೆಗೆ ಆತನ ನಿಲುವೇನೆಂಬುದಕ್ಕೆ ಅದರಲ್ಲಿ ಅಂಕಣವಿಲ್ಲ. ಅದನ್ನು ಮತದಾರನು ಪಕ್ಷದ ಪ್ರಣಾಳಿಕೆಯಿಂದಲೋ ಬೀದಿಯ ಭಾಷಣದಿಂದಲೋ ಊಹಿಸಿಕೊಳ್ಳಬೇಕು. ಪ್ರಣಾಳಿಕೆಯೋ ಇಡೀ ರಾಜ್ಯಕ್ಕೆ ಒಂದೇ.

ಮಹದೇವಪುರದಲ್ಲಿ ಈ ಕೊರತೆ ಕಣ್ಣಿಗೆ ಕಾಣುವಂತಾಯಿತು. ಹಿಂದೆ ವರ್ತೂರು ಕ್ಷೇತ್ರಕ್ಕೆ ಸೇರಿದ್ದ ಈ ಭಾಗ 2008ರಿಂದ ಪರಿಶಿಷ್ಟ ಜಾತಿಗೆ ಮೀಸಲಾದ ಪ್ರತ್ಯೇಕ ವಿಧಾನಸಭಾ ಕ್ಷೇತ್ರವಾಗಿದೆ. ಇಲ್ಲಿದ್ದ ನಗರಸಭೆಯನ್ನು 2007ರಲ್ಲಿ, ಇತರ ಆರು ನಗರಸಭೆಗಳು, ಕೆಂಗೇರಿ ಪುರಸಭೆ ಮತ್ತು 110 ಹಳ್ಳಿಗಳೊಡನೆ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿಸಲಾಯಿತು. ಪಾಲಿಕೆಯ ಚುನಾವಣೆಗಳು 2010ರಲ್ಲಿಯೂ 2015ರಲ್ಲಿಯೂ ನಡೆದವು. 2020ರ ಸೆಪ್ಟೆಂಬರಿನಲ್ಲಿ ಸದಸ್ಯರ ಅವಧಿ ಮುಗಿದ ಮೇಲೆ ವಾರ್ಡುಗಳ ಸಂಖ್ಯೆಯನ್ನು 198ರಿಂದ 243ಕ್ಕೆ ಏರಿಸಿ, ಮತ್ತೆ 225ಕ್ಕೆ ಇಳಿಸಿದ ಬದಲಾವಣೆಗಳ ನಡುವೆ ಚುನಾವಣೆ ಮುಂದೆ ಮುಂದೆ ಹೋಯಿತು.

2022ರ ಸೆಪ್ಟೆಂಬರ್ ಮೊದಲ ವಾರದ ಮಳೆಗೆ ಬೆಳ್ಳಂದೂರು, ವರ್ತೂರು, ಹೊರವರ್ತುಲ ರಸ್ತೆಯ ಬಡಾವಣೆಗಳು ನೀರಿನಲ್ಲಿ ಮುಳುಗಿದವು. ಕಂಪನಿಗಳ ನೌಕರರು ಟ್ರ್ಯಾಕ್ಟರುಗಳಲ್ಲಿಯೂ ದೋಣಿಗಳಲ್ಲಿಯೂ ಸಾಗಿದರು. ರಾಜಕಾಲುವೆಯ ಒತ್ತುವರಿ, ಕೆರೆಗಳ ಕೋಡಿ ಇವು ದಿಢೀರನೆ ಹುಟ್ಟಿದ ಸಮಸ್ಯೆಗಳಲ್ಲ. ಬೆಳ್ಳಂದೂರು ಕೆರೆಯ ನೊರೆಗೆ 2015ರಲ್ಲಿಯೇ ಬೆಂಕಿ ಹತ್ತಿಕೊಂಡಿತ್ತು. ರಾಜಕಾಲುವೆಯ ನಿರ್ವಹಣೆ ಪಾಲಿಕೆಯ ಹೊಣೆ. ಆದರೆ ಆ ಸೆಪ್ಟೆಂಬರಿನಲ್ಲಿ ಪಾಲಿಕೆಗೆ ಚುನಾಯಿತ ಸಭೆಯೇ ಇರಲಿಲ್ಲ. ಆಡಳಿತಾಧಿಕಾರಿಯ ಆಳ್ವಿಕೆ ಎರಡು ವರ್ಷ ತುಂಬುತ್ತ ಬಂದಿತ್ತು. ವಾರ್ಡಿನ ಸದಸ್ಯನನ್ನು ಕೇಳಬೇಕಾದ ಪ್ರಶ್ನೆಗಳನ್ನು ಜನರು ಶಾಸಕರಿಗೆ ಹಾಕಿದರು, ಶಾಸಕರು ಅಧಿಕಾರಿಗಳತ್ತ ಬೆರಳು ತೋರಿದರೆ ಆಶ್ಚರ್ಯವೇನು? ನ್ಯಾಯವಾಗಿ ಹೇಳುವುದಾದರೆ, ಕಾನೂನು ಮಾಡುವ ಸದಸ್ಯನಿಂದ ಚರಂಡಿಯ ಲೆಕ್ಕ ಕೇಳುವುದೂ ಸರಿಯಲ್ಲ. ಕೇಳದೆ ಬಿಡುವುದಕ್ಕೂ ಮತದಾರನಿಗೆ ಬೇರೆ ದಾರಿ ಇರಲಿಲ್ಲ.

2025ರಲ್ಲಿ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆಯಂತೆ ಪಾಲಿಕೆಯು ಐದಾಗಿ ಒಡೆದು ಮಹದೇವಪುರವು ಪೂರ್ವ ನಗರ ಪಾಲಿಕೆಗೆ ಸೇರಿತು. ಆ ವರ್ಷ ಕಳೆದಾಗಲೂ, ಅವಧಿ ಮುಗಿದ ದಿನದಿಂದ ಐದು ವರ್ಷಕ್ಕೆ ಮಿಕ್ಕಿ, ಇಲ್ಲಿನ ವಾರ್ಡುಗಳಿಗೆ ಚುನಾಯಿತ ಸದಸ್ಯರಿರಲಿಲ್ಲ. ಆ ಐದು ವರ್ಷಗಳಲ್ಲಿ ಇಲ್ಲಿನ ಕಾಲುವೆಯ ಬಗೆಗೆ ಯಾವ ಪಾಲಿಕೆ ಸದಸ್ಯನು ಏನು ಕೇಳಿದನೆಂದು ಹುಡುಕುವವನಿಗೆ ಓದಲು ಒಂದು ಪುಟವೂ ಸಿಗದು. 1890ರ ದಶಕದ ತಾಲ್ಲೂಕಿನ ಸದಸ್ಯನೊಬ್ಬನು ತನ್ನ ಕೆರೆಯ ಬಗೆಗೆ ಕೇಳಿದ್ದರೆ ಅದು ಅಚ್ಚಾದ ನಡವಳಿಯಲ್ಲಿದೆ.