ಸ್ವರ್ಣಾನ್ವೇಷಕನ ಸಂಸಾರ
ಕ್ಯಾಲಿಫೋರ್ನಿಯ, 1849–1851

1848ರ ಜನವರಿ 24ರಂದು ಕೊಲೋಮಾ ಎಂಬಲ್ಲಿ, ಮರ ಕೊಯ್ಯುವ ಗಿರಣಿಗಾಗಿ ತೋಡಿದ ಕಾಲುವೆಯಲ್ಲಿ ಜೇಮ್ಸ್ ಮಾರ್ಷಲ್ ಎಂಬ ಬಡಗಿಗೆ ಗೋಚರಿಸಿದ ಚಿನ್ನದ ಚೂರುಗಳ ವಾರ್ತೆಯು ದೇಶದೇಶಾಂತರಗಳಿಗೆ ಹಬ್ಬಲಾಗಿ, ಮರುವರ್ಷವೇ ಸಹಸ್ರಾರು ಜನರು ಪಶ್ಚಿಮಾಭಿಮುಖರಾಗಿ ಹೊರಟರು. ಅವರಲ್ಲಿ ಬಹುಪಾಲು ಒಂಟಿ ಗಂಡಸರು. ಪತ್ನಿ ಲೂಝೀನಾಳನ್ನೂ ಇಬ್ಬರು ಎಳೆಯ ಗಂಡುಮಕ್ಕಳನ್ನೂ ಎತ್ತಿನ ಬಂಡಿಯಲ್ಲಿ ಕರೆತಂದ, ಮಿಸೌರಿಯ ಮೇಸನ್ ವಿಲ್ಸನ್ನನಂಥ ಸಂಸಾರಿಗಳು ವಿರಳ.

ಬಯಲು, ಮರುಭೂಮಿ, ಪರ್ವತಶ್ರೇಣಿಗಳನ್ನು ದಾಟಿ ಸ್ಯಾಕ್ರಮೆಂಟೊ ನಗರವನ್ನು ಸೇರಿದ ಈ ಕುಟುಂಬವು, 1850ರ ಜನವರಿಯ ಮಹಾಪ್ರವಾಹದಿಂದ ನಷ್ಟಕ್ಕೀಡಾಗಿ ಗಣಿಪ್ರದೇಶವಾದ ನೆವಾಡಾ ಸಿಟಿಗೆ ವಲಸೆ ಹೋಯಿತು. ಅಲ್ಲಿ ಲೂಝೀನಾ ಸ್ವಹಸ್ತದಿಂದ ಗೂಟಗಳನ್ನು ನೆಟ್ಟು, ಹಲಗೆಗಳನ್ನು ಹಾಸಿ ಊಟದ ಮೇಜನ್ನು ಸಿದ್ಧಪಡಿಸಿ, ಹೊಳೆಯ ಮರಳನ್ನು ಜಾಲಿಸಿ ದಣಿದು ಬಂದ ಗಣಿಗಾರರಿಗೆ ತಲಾ ಒಂದು ಡಾಲರಿನಂತೆ ಊಟ ಬಡಿಸತೊಡಗಿದಳು. ಅದೇ ಕ್ರಮೇಣ 'ಎಲ್ ಡೊರಾಡೊ' ಎಂಬ ಹೋಟೆಲಾಗಿ ಬೆಳೆಯಿತು. ನೆಲದೊಳಗಿನ ಚಿನ್ನವು ಅದೃಷ್ಟಾಧೀನವಾಗಿದ್ದರೆ, ಹಸಿವು ನಿತ್ಯವಾಗಿದ್ದುದರಿಂದ, ಗಣಿಯೂರುಗಳಲ್ಲಿ ಅನ್ನ, ವಸತಿ, ಉಪಕರಣಗಳನ್ನು ಒದಗಿಸಿದವರ ಗಳಿಕೆಯು ಅನೇಕ ಅನ್ವೇಷಕರ ಗಳಿಕೆಯನ್ನು ಮೀರುತ್ತಿತ್ತು.

ಆದರೆ 1851ರ ಮಾರ್ಚಿನಲ್ಲಿ ಊರಿಗೆ ಬಿದ್ದ ಬೆಂಕಿಯು ಆ ಹೋಟೆಲನ್ನೂ ಭಸ್ಮಗೊಳಿಸಲು, ದಂಪತಿಗಳು ಚಿನ್ನದ ನಾಡನ್ನು ತೊರೆದು ವಾಕಾ ಕಣಿವೆಯಲ್ಲಿ ನೆಲೆಸಿ ಮೂರನೆಯ ಬಾರಿ ಬದುಕನ್ನು ಕಟ್ಟಿಕೊಂಡರು. 1881ರಲ್ಲಿ ಲೂಝೀನಾ ಹೇಳಿದ ನೆನಪುಗಳನ್ನು ಆಕೆಯ ಮಗಳು ಬರೆದಿಟ್ಟುಕೊಂಡುದರಿಂದ, ಪುರುಷರ ಕಥನಗಳೇ ತುಂಬಿದ ಆ ಕಾಲದ ಇತಿಹಾಸಕ್ಕೆ ಗೃಹಿಣಿಯೊಬ್ಬಳ ಸಾಕ್ಷ್ಯವೂ ದೊರೆತಂತಾಯಿತು.