ಮೊಳೆಯಿಲ್ಲದ ಹಡಗು, ಅಜ್ಜ ಹೊಸೆದ ಹಗ್ಗ

ನಮ್ಮಜ್ಜ ಅಘನಾಶಿನಿ ದಂಡೆಯ ಗಜನಿ ನೀರಿನಲ್ಲಿ ತೆಂಗಿನ ಸಿಪ್ಪೆ ನೆನೆಹಾಕುತ್ತಿದ್ದರು. ತಿಂಗಳುಗಟ್ಟಲೆ ಕೊಳೆತ ಮೇಲೆ ಅದನ್ನು ಬಡಿದು, ನಾರು ಬಿಡಿಸಿ, ಕತ್ತದ ಹಗ್ಗ ಹೊಸೆಯುತ್ತಿದ್ದರು. ದನ ಕಟ್ಟಲು ಅದೇ, ಬಾವಿಗೆ ಕೊಡಪಾನ ಇಳಿಸಲೂ ಅದೇ. ಈ ಹಗ್ಗದಿಂದ ಸಮುದ್ರ ದಾಟುವ ಹಡಗನ್ನೇ ಹೊಲಿಯಬಹುದು ಎಂದು ಯಾರಾದರೂ ಹೇಳಿದ್ದರೆ ನಾನು ನಗುತ್ತಿದ್ದೆ.

2025ರ ಮೇ 21ರಂದು ಕಾರವಾರದ ನೌಕಾನೆಲೆಯಲ್ಲಿ ಅಂಥದ್ದೊಂದು ಹಡಗನ್ನು ಕಣ್ಣಾರೆ ನೋಡಿದೆ. ವರದಿಗೆಂದು ಹೋದವನು ಭಾಷಣಕ್ಕಿಂತ ಹೆಚ್ಚಾಗಿ ಆ ಹಡಗಿನ ಹೊಲಿಗೆಯನ್ನೇ ನೋಡುತ್ತಾ ನಿಂತುಬಿಟ್ಟೆ.

ಅದರ ಹೆಸರು ಐಎನ್‌ಎಸ್‌ವಿ ಕೌಂಡಿನ್ಯ. ಹಿಂದೆ ಭಾರತದಿಂದ ಆಗ್ನೇಯ ಏಷ್ಯಾಕ್ಕೆ ಹಾಯಿ ಬಿಚ್ಚಿ ಹೋದನೆಂದು ಕಥೆಗಳು ಹೇಳುವ ನಾವಿಕನ ಹೆಸರು ಅದು. ಉದ್ದ ಸುಮಾರು 19.6 ಮೀಟರ್, ಅಗಲ 6.5 ಮೀಟರ್. ಎಂಜಿನ್ ಇಲ್ಲ. ಚೌಕಾಕಾರದ ಹಾಯಿಗಳು, ದಿಕ್ಕು ತಿರುಗಿಸಲು ಈಗಿನ ಚುಕ್ಕಾಣಿಯ ಬದಲು ದೊಡ್ಡ ಹುಟ್ಟುಗಳು. ಮುಂಭಾಗದಲ್ಲಿ ಸಿಂಹಯಾಳಿ, ಹಾಯಿಯ ಮೇಲೆ ಸೂರ್ಯ ಮತ್ತು ಗಂಡಭೇರುಂಡ. ಹೌದು, ನಮ್ಮ ಬಸ್ಸಿನ ಮೇಲೆ, ಸರ್ಕಾರಿ ಕಾಗದದ ಮೇಲೆ ದಿನವೂ ಕಾಣುವ ಅದೇ ಎರಡು ತಲೆಯ ಹಕ್ಕಿ.

ಇದು ಯಾವ ಹಡಗಿನ ಪ್ರತಿರೂಪ? ಅಷ್ಟು ಹಳೆಯ ಹಡಗು ಯಾವುದೂ ಉಳಿದಿಲ್ಲ. ನಕ್ಷೆಯೂ ಇಲ್ಲ. ಇದ್ದದ್ದು ಅಜಂತಾ ಗುಹೆಯ ಗೋಡೆಯ ಮೇಲಿನ 5ನೇ ಶತಮಾನದ ಒಂದು ಚಿತ್ರ ಮಾತ್ರ. ಇಲ್ಲಿ ಬನವಾಸಿಯಲ್ಲಿ ಕದಂಬರು ಆಳುತ್ತಿದ್ದ ಕಾಲ ಅದು. ಚಿತ್ರ ಬರೆದವರು ಹಡಗಿನ ಆಕಾರ ತೋರಿಸಿದ್ದಾರೆ. ನೀರಿನೊಳಗಿನ ಭಾಗ ಹೇಗಿತ್ತು, ಹಲಗೆ ಎಷ್ಟು ದಪ್ಪ, ಭಾರ ಎಷ್ಟು ಎಂಬುದನ್ನು ಚಿತ್ರ ಹೇಳುವುದಿಲ್ಲ. ಹಾಗಾಗಿ ನೌಕಾಪಡೆಯ ಎಂಜಿನಿಯರುಗಳು ವಿನ್ಯಾಸ ಮಾಡಿದರು. ಮದ್ರಾಸ್ ಐಐಟಿಯಲ್ಲಿ ಮಾದರಿ ಮಾಡಿ ನೀರಿನಲ್ಲಿ ಪರೀಕ್ಷಿಸಿದರು.

ಹೊಲಿಯುವುದನ್ನು ಮಾತ್ರ ಯಾವ ಪ್ರಯೋಗಾಲಯವೂ ಹೇಳಿಕೊಡಲಾರದು. ಅದನ್ನು ಬಲ್ಲವರು ಕೇರಳದ ಬಾಬು ಶಂಕರನ್. ಅವರ ಮುಂದಾಳತ್ವದಲ್ಲಿ ಕುಶಲಕರ್ಮಿಗಳ ತಂಡ ಗೋವಾದ ಹೋಡಿ ಇನ್ನೋವೇಷನ್ಸ್ ಸಂಸ್ಥೆಯಲ್ಲಿ ಕೆಲಸ ಮಾಡಿತು. 2023ರ ಸೆಪ್ಟೆಂಬರಿನಲ್ಲಿ ಅಡಿಮರ ಇಟ್ಟರು. 2025ರ ಫೆಬ್ರುವರಿಯಲ್ಲಿ ಹಡಗು ನೀರಿಗಿಳಿಯಿತು.

ಹೊಲಿಯುವುದೆಂದರೆ ಹೀಗೆ: ಹಲಗೆಗಳನ್ನು ಬಗ್ಗಿಸಿ ಅಂಚಿಗೆ ಅಂಚು ಸೇರಿಸುತ್ತಾರೆ. ಎರಡೂ ಅಂಚುಗಳ ಉದ್ದಕ್ಕೂ ತೂತು ಕೊರೆಯುತ್ತಾರೆ. ಸಂದಿಯ ಮೇಲೆ ತೆಂಗಿನ ನಾರು ಒತ್ತಿ, ಕತ್ತದ ಹಗ್ಗವನ್ನು ತೂತಿನಿಂದ ತೂತಿಗೆ ದಾಟಿಸಿ ಬಿಗಿಯುತ್ತಾರೆ. ಆಮೇಲೆ ಮರದ ಅಂಟಿನಿಂದ ತೂತು ಮುಚ್ಚುತ್ತಾರೆ. ಗೋಣಿಚೀಲದ ಬಾಯಿ ಹೊಲಿದ ಹಾಗೆಯೇ, ಆದರೆ ಇಲ್ಲಿ ಒಂದು ಹೊಲಿಗೆ ಸಡಿಲವಾದರೂ ನೀರು ಒಳಗೆ.

ಕಬ್ಬಿಣ ಇರಲಿಲ್ಲವೇ? ಇತ್ತು. ಆದರೂ ಹೊಲಿಯುತ್ತಿದ್ದರು. ಕಾರಣವನ್ನು 14ನೇ ಶತಮಾನದ ಪ್ರವಾಸಿ ಇಬ್ನ್ ಬತೂತ ಬರೆದಿಟ್ಟಿದ್ದಾನೆ. ನಮ್ಮ ಹೊನ್ನಾವರಕ್ಕೂ ಬಂದು ಉಳಿದವನು ಅವನು. ಮೊಳೆ ಹೊಡೆದ ಹಡಗು ಬಂಡೆಗೆ ಬಡಿದರೆ ಒಡೆಯುತ್ತದೆ, ಹೊಲಿದ ಹಡಗು ಬಳುಕಿ ಉಳಿಯುತ್ತದೆ ಎಂಬುದು ಅವನ ಮಾತಿನ ಸಾರ. ಭಾರತದ ಮತ್ತು ಯೆಮನ್‌ನ ಹಡಗುಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿಯುತ್ತಾರೆ ಎಂದೂ ಹೇಳಿದ್ದಾನೆ. 1498ರಲ್ಲಿ ಪೋರ್ಚುಗೀಸರು ಬಂದ ಮೇಲೆ ಮೊಳೆ ಹೊಡೆದು ಹಡಗು ಕಟ್ಟುವ ಯುರೋಪಿನ ಪದ್ಧತಿ ನಿಧಾನಕ್ಕೆ ಹರಡಿತು. ಹೊಲಿಗೆ ಸಣ್ಣ ದೋಣಿಗಳಿಗೆ ಸರಿಯಿತು, ಅಲ್ಲಿಂದಲೂ ಕರಗುತ್ತಾ ಬಂತು.

ಕೌಂಡಿನ್ಯ ಬರೀ ಪ್ರದರ್ಶನದ ವಸ್ತುವಾಗಿ ಉಳಿಯಲಿಲ್ಲ. 2025ರ ಡಿಸೆಂಬರ್ 29ರಂದು ಪೋರಬಂದರಿನಿಂದ ಹೊರಟು, 2026ರ ಜನವರಿ 14ರಂದು ಒಮಾನಿನ ಮಸ್ಕತ್ ತಲುಪಿತು. ಹಗ್ಗ ಅರಬ್ಬಿ ಸಮುದ್ರ ದಾಟಿಸಿತು.

ಆ ಸುದ್ದಿ ಬಂದ ರಾತ್ರಿ ಮನೆಯಲ್ಲಿ ಕೇಳಿದೆ, "ಅಜ್ಜ ಸಿಪ್ಪೆಯನ್ನು ಎಷ್ಟು ತಿಂಗಳು ನೆನೆಹಾಕುತ್ತಿದ್ದರು?" ಚಿಕ್ಕಪ್ಪ ಆರು ಅಂದರು. ಅತ್ತೆ ಹತ್ತು ಅಂದರು. ಅಪ್ಪನಿಗೆ ನೆನಪೇ ಇಲ್ಲ. ಅಜ್ಜ ತೀರಿಕೊಂಡು ಹದಿನಾಲ್ಕು ವರ್ಷ. ಬದುಕಿದ್ದಾಗ ನಾನು ಕೇಳಲಿಲ್ಲ. ಊರೂರು ತಿರುಗಿ ಬೇರೆಯವರನ್ನು ಪ್ರಶ್ನೆ ಕೇಳುವುದೇ ನನ್ನ ಕೆಲಸ, ನೋಡಿ.

ಅಜಂತಾದ ಗೋಡೆಯ ಮೇಲೆ ಚಿತ್ರ ಹದಿನೈದು ಶತಮಾನ ಉಳಿಯಿತು. ಆದರೆ ಕೇರಳದ ಆ ಕೆಲವರ ಕೈಯಲ್ಲಿ ವಿದ್ಯೆ ಉಳಿಯದಿದ್ದರೆ ಚಿತ್ರ ಚಿತ್ರವಾಗಿಯೇ ಇರುತ್ತಿತ್ತು.

ನಿಮ್ಮೂರಿನಲ್ಲಿ ದೋಣಿ ಕಟ್ಟುವವರು, ಎತ್ತಿನ ಗಾಡಿಯ ಚಕ್ರ ಮಾಡುವವರು, ಬಲೆ ನೇಯುವವರು ಯಾರಾದರೂ ಇದ್ದಾರೆಯೇ? ಈ ಭಾನುವಾರ ಹೋಗಿ ಕೂತು ಕೇಳಿ. ಕೈ ಹೇಗೆ ಆಡುತ್ತದೆ ಎಂಬುದನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿಕೊಳ್ಳಿ. ಅಳತೆ, ತಿಂಗಳು, ಮರದ ಹೆಸರು ಬರೆದುಕೊಳ್ಳಿ. ಅವರು "ಅದರಲ್ಲೇನಿದೆ ಮಾರಾಯ" ಅನ್ನುತ್ತಾರೆ. ಆದರೂ ಕೇಳಿ.